ತಂತಿ, ಅಯಸ್ಕಾಂತ ಮತ್ತು ಒಂದು ಪೆನ್ಸಿಲ್ ಗುರುತು



ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ನೀವು ಈ ಪ್ರಯೋಗವನ್ನು ನೋಡಿಯೇ ಇರುತ್ತೀರಿ. ತಾಮ್ರದ ತಂತಿಯ ಒಂದು ಸುರುಳಿ, ಅದರ ಎರಡು ತುದಿಗಳಿಗೆ ಜೋಡಿಸಿದ ಗ್ಯಾಲ್ವನೋಮೀಟರ್, ಕೈಯಲ್ಲೊಂದು ದಂಡಕಾಂತ. ಅಯಸ್ಕಾಂತವನ್ನು ಸುರುಳಿಯೊಳಗೆ ತೂರಿಸಿದರೆ ಮುಳ್ಳು ಒಂದು ಕಡೆಗೆ ವಾಲುತ್ತದೆ, ಹೊರಗೆಳೆದರೆ ಇನ್ನೊಂದು ಕಡೆಗೆ. ಅಲುಗಿಸದೆ ಹಿಡಿದರೆ ಮುಳ್ಳೂ ಅಲುಗುವುದಿಲ್ಲ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ಸತ್ಯ ಇದು. ನಾನೂ ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ಈ ಪ್ರಯೋಗ ಮಾಡಿ, ಚಿತ್ರ ಬರೆದು, ಅಂಕ ಪಡೆದು, ಮರೆತೂಬಿಟ್ಟಿದ್ದೆ.

ಅದು ಮತ್ತೆ ಎದುರಾದದ್ದು ದೂರದರ್ಶನದ ಕೆಲಸಕ್ಕೆ ಸೇರಿದ ಮೇಲೆ, ಒಂದು ಸಂಗೀತ ಕಾರ್ಯಕ್ರಮದ ಧ್ವನಿಮುದ್ರಣದ ಹೊತ್ತಿನಲ್ಲಿ. ಕಲಾವಿದರೊಬ್ಬರ ವಿದ್ಯುತ್ ಗಿಟಾರಿನಿಂದ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಏನು ಮಾಡಿದರೂ ನಿಲ್ಲಲೊಲ್ಲದು. ಕೊನೆಗೆ ಅವರು ಕುಳಿತಲ್ಲೇ ಸ್ವಲ್ಪ ತಿರುಗಿದರು. ಸದ್ದು ಅಡಗಿತು! ನನ್ನ ಮುಖ ನೋಡಿ ನಕ್ಕು, "ಇದರೊಳಗೆ ಇರುವುದು ಒಂದು ಸುರುಳಿ ಸಾರ್. ನಿಮ್ಮ ದೀಪಗಳ ವಿದ್ಯುತ್ತನ್ನೂ ಅದು ಕೇಳಿಸಿಕೊಳ್ಳುತ್ತದೆ" ಎಂದರು. ಸೆಕೆಂಡಿಗೆ 50 ಬಾರಿ ಆವರ್ತಿಸುವ ನಮ್ಮ ವಿದ್ಯುತ್ತಿನ ಕಾಂತಕ್ಷೇತ್ರ ಆ ಸುರುಳಿಗೆ ಸಿಕ್ಕಿಬಿದ್ದಿತ್ತು. ಪಠ್ಯಪುಸ್ತಕದ ಫ್ಯಾರಡೆ ನನ್ನ ಸ್ಟುಡಿಯೋಕ್ಕೇ ಬಂದು ಕುಳಿತಂತಾಯಿತು.

ಅಂದಿನಿಂದ ಈ ವಾದ್ಯದ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಓದುತ್ತ ಹೋದಂತೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬಿತ್ತು. ಅಮೆರಿಕ, ಇಂಗ್ಲೆಂಡ್, ಜಪಾನ್ ಮುಂತಾದ ದೇಶಗಳಲ್ಲಿ ಒಬ್ಬಿಬ್ಬರೇ ದುಡಿಯುವ ಪುಟ್ಟ ಕಾರ್ಯಾಗಾರಗಳಿವೆ. ಅಲ್ಲಿ 1950ರ ದಶಕದ ಮಾದರಿಯ ಗಿಟಾರುಗಳನ್ನು ಕೈಯಿಂದಲೇ ತಯಾರಿಸುತ್ತಾರೆ. ಅದೇ ಜಾತಿಯ ಮರ, ಅದೇ ದಪ್ಪದ ತಂತಿ, ಅದೇ ಬಗೆಯ ಮೆರುಗೆಣ್ಣೆ. ಗಣಕಯಂತ್ರವು ಮರವನ್ನು ಕೂದಲೆಳೆಯ ಅಳತೆಗೆ ಕತ್ತರಿಸಿಕೊಡುವ ಈ ಕಾಲದಲ್ಲಿ ಎಪ್ಪತ್ತು ವರ್ಷ ಹಿಂದಿನ ಕೆಲಸವನ್ನು ಮತ್ತೆ ಮಾಡುವುದೇಕೆ? ಉತ್ತರ ಬೇಕಿದ್ದರೆ ಕಥೆಯನ್ನು ಮೊದಲಿನಿಂದ ಹೇಳಬೇಕು.

ಕೇಳಿಸದ ವಾದ್ಯ

1920ರ ದಶಕದ ಅಮೆರಿಕವನ್ನು ಕಲ್ಪಿಸಿಕೊಳ್ಳಿ. ನೃತ್ಯಶಾಲೆಗಳಲ್ಲಿ ದೊಡ್ಡ ವಾದ್ಯಮೇಳಗಳ ಅಬ್ಬರ. ತುತ್ತೂರಿ, ಸ್ಯಾಕ್ಸೊಫೋನ್, ಡ್ರಮ್ಮುಗಳ ನಡುವೆ ಕುಳಿತ ಗಿಟಾರ್ ವಾದಕ ಎಷ್ಟು ಮೀಟಿದರೂ ಮೂರನೆಯ ಸಾಲಿಗೆ ಕೇಳಿಸದು. ಗಿಟಾರಿನ ಪೆಟ್ಟಿಗೆಯನ್ನು ದೊಡ್ಡದು ಮಾಡಿ ನೋಡಿದರು. ಒಳಗೆ ಲೋಹದ ಶಂಕುಗಳನ್ನಿಟ್ಟು ನೋಡಿದರು. ಸ್ವಲ್ಪ ಗುಣವಾಯಿತೇ ಹೊರತು ಸಾಲಲಿಲ್ಲ.

ಅದೇ ಕಾಲಕ್ಕೆ ಹವಾಯಿ ದ್ವೀಪಗಳ ಸಂಗೀತದ ಹುಚ್ಚು ಅಮೆರಿಕವನ್ನೆಲ್ಲ ಹಿಡಿದಿತ್ತು. ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸುತ್ತ ನುಡಿಸುವ ವಿಧಾನ ಅದು. ನಮ್ಮಲ್ಲಿ ಪಂಡಿತ್ ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರು ರಾಗಸಂಗೀತಕ್ಕೆ ಒಗ್ಗಿಸಿಕೊಂಡದ್ದೂ ಇದೇ ವಿಧಾನವನ್ನು. ಲಾಸ್ ಏಂಜಲೀಸಿನ ಜಾರ್ಜ್ ಬೋಷಾಂ ಈ ಶೈಲಿಯ ವಾದಕ. ತನ್ನ ವಾದ್ಯ ಕೇಳಿಸಬೇಕೆಂಬುದು ಆತನಿಗೆ ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು.

ಊಟದ ಮೇಜಿನ ಮೇಲೆ

ಬೋಷಾಂ ವಿಜ್ಞಾನಿಯಲ್ಲ. ತನ್ನ ಮನೆಯ ಊಟದ ಮೇಜನ್ನೇ ಪ್ರಯೋಗಶಾಲೆ ಮಾಡಿಕೊಂಡು, ಮನೆಬಳಕೆಯ ಯಂತ್ರವೊಂದರ ಮೋಟಾರಿನಿಂದ ತಂತಿ ಸುತ್ತಿ ಪ್ರಯೋಗ ನಡೆಸಿದ. ಆತನಿಗೆ ಹೊಳೆದ ವಿಚಾರ ಸರಳವಾದದ್ದು. ಪೆಟ್ಟಿಗೆಯ ಸದ್ದನ್ನು ಹಿಡಿಯುವ ಬದಲು ತಂತಿಯ ಕಂಪನವನ್ನೇ ನೇರವಾಗಿ ಹಿಡಿದರೆ ಹೇಗೆ?

ಉಕ್ಕಿನ ತಂತಿ ಅಯಸ್ಕಾಂತದ ಬಳಿಯಿದ್ದರೆ ತಾನೂ ಸ್ವಲ್ಪ ಕಾಂತತ್ವ ಪಡೆಯುತ್ತದೆ. ಅದು ಕಂಪಿಸಿದಾಗ ಸುತ್ತಲಿನ ಕಾಂತಕ್ಷೇತ್ರವೂ ಅಲುಗುತ್ತದೆ. ಅಲ್ಲೊಂದು ಸುರುಳಿಯಿದ್ದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ತಂತಿ ಸೆಕೆಂಡಿಗೆ 440 ಬಾರಿ ಕಂಪಿಸಿದರೆ ವಿದ್ಯುತ್ತೂ 440 ಬಾರಿ ಆವರ್ತಿಸುತ್ತದೆ. ಈ ಕ್ಷೀಣ ವಿದ್ಯುತ್ತನ್ನು ವಾಲ್ವುಗಳ ಆಂಪ್ಲಿಫೈಯರಿನಿಂದ ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ಆಯಿತು. ಅಯಸ್ಕಾಂತ ಮತ್ತು ಸುರುಳಿಗಳ ಈ ಜೋಡಣೆಗೆ ಪಿಕಪ್ ಎಂದು ಹೆಸರು.

1931ರಲ್ಲಿ ಮೇಪಲ್ ಮರದಲ್ಲಿ ಕೆತ್ತಿದ ಮೊದಲ ಮಾದರಿ ಸಿದ್ಧವಾಯಿತು. ಅಡಾಲ್ಫ್ ರಿಕನ್‌ಬ್ಯಾಕರ್ ಎಂಬ ಉದ್ಯಮಿಯ ನೆರವಿನಿಂದ 1932ರಲ್ಲಿ ಅದೇ ಆಕಾರದ ಅಲ್ಯೂಮಿನಿಯಂ ಗಿಟಾರುಗಳು ಮಾರುಕಟ್ಟೆಗೆ ಬಂದವು. ಗುಂಡಗಿನ ಒಡಲು, ಉದ್ದನೆಯ ಹಿಡಿ ಇದ್ದ ಅದನ್ನು ಜನ 'ಬಾಣಲೆ' ಎಂದೇ ಕರೆದರು. ಪೇಟೆಂಟ್ ಕಚೇರಿಗೆ ಇದು ಕೆಲಸ ಮಾಡುವ ವಸ್ತುವೇ ಎಂಬ ಅನುಮಾನ. ಪೇಟೆಂಟ್ ಕೈಗೆ ಬಂದದ್ದು 1937ರ ಆಗಸ್ಟ್ 10ರಂದು. ಅಷ್ಟರಲ್ಲಿ ಉಪಾಯ ಎಲ್ಲರ ಪಾಲಾಗಿತ್ತು. ಮಿಷಿಗನ್ ರಾಜ್ಯದ ಕಲಮಝೂ ಊರಿನ ಹೆಸರಾಂತ ಗಿಬ್ಸನ್ ಕಂಪನಿಯೇ 1936ರಲ್ಲಿ ತನ್ನ ವಿದ್ಯುತ್ ಗಿಟಾರನ್ನು ಹೊರತಂದಿತ್ತು.

ಪೆಟ್ಟಿಗೆಯೇ ಬೇಡ

ಈಗ ಹೊಸದೊಂದು ತೊಡಕು. ಟೊಳ್ಳು ಪೆಟ್ಟಿಗೆಯ ಗಿಟಾರಿಗೆ ಪಿಕಪ್ ಹಚ್ಚಿ ಧ್ವನಿ ಏರಿಸಿದರೆ, ಧ್ವನಿವರ್ಧಕದ ಸದ್ದು ಪೆಟ್ಟಿಗೆಯನ್ನು ನಡುಗಿಸುತ್ತದೆ, ಪೆಟ್ಟಿಗೆ ತಂತಿಯನ್ನು ನಡುಗಿಸುತ್ತದೆ, ತಂತಿ ಮತ್ತೆ ಧ್ವನಿವರ್ಧಕವನ್ನು. ಸಭೆಗಳಲ್ಲಿ ಮೈಕು ಕಿರುಚುವುದನ್ನು ಕೇಳಿದ್ದೀರಲ್ಲ, ಅದೇ ಇದು.

ಪರಿಹಾರವೂ ಪುಟ್ಟ ಜಾಗಗಳಿಂದಲೇ ಬಂತು. 1940ರ ಸುಮಾರಿಗೆ ವಾದಕ ಲೆಸ್ ಪಾಲ್ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ರಜೆಯ ದಿನಗಳಂದು ಕುಳಿತು, ನಾಲ್ಕಂಗುಲ ಚೌಕದ ಪೈನ್ ಮರದ ತೊಲೆಗೆ ತಂತಿ, ಪಿಕಪ್‌ಗಳನ್ನು ಜೋಡಿಸಿದ. ನೋಡುವವರಿಗೆ ಗಿಟಾರಿನಂತೆ ಕಾಣಲೆಂದು ಎರಡು ಬದಿಗೆ ಗಿಟಾರಿನ ಅರ್ಧರ್ಧ ಪೆಟ್ಟಿಗೆ ಅಂಟಿಸಿದ. ಅದರ ಹೆಸರೇ 'ಮರದ ದಿಮ್ಮಿ'.

ಕ್ಯಾಲಿಫೋರ್ನಿಯಾದ ಡೌನಿ ಊರಿನ ಪಾಲ್ ಬಿಗ್ಸ್‌ಬಿ ಮೋಟಾರ್ ಸೈಕಲ್ ತಯಾರಿಕೆಯಲ್ಲಿ ಪಳಗಿದವನು. ಲೋಹದ ಎರಕಕ್ಕೆ ಅಚ್ಚು ಮಾಡುವ ಕಸುಬು ಬಲ್ಲವನು. 1948ರಲ್ಲಿ ಗಾಯಕ ಮರ್ಲ್ ಟ್ರಾವಿಸ್ ಕಾಗದದ ಮೇಲೆ ಗೀಚಿಕೊಟ್ಟ ಚಿತ್ರವನ್ನು ನೋಡಿ ತನ್ನ ಕಾರ್ಯಾಗಾರದಲ್ಲಿ ತೆಳು ಒಡಲಿನ, ಆರೂ ಬಿರಡೆಗಳು ಒಂದೇ ಬದಿಗಿರುವ ಗಿಟಾರನ್ನು ಕಡೆದುಕೊಟ್ಟ. ಬಿಗ್ಸ್‌ಬಿ ಒಂದೊಂದನ್ನೇ, ಕೇಳಿದವರಿಗೆ ಕೇಳಿದಂತೆ ಮಾಡುತ್ತಿದ್ದ. ಇಂದು ಪುಟ್ಟ ಕಾರ್ಯಾಗಾರ ನಡೆಸುವವರಿಗೆಲ್ಲ ಆತ ಹಿರಿಯಣ್ಣನಿದ್ದಂತೆ.

ರೇಡಿಯೋ ರಿಪೇರಿಯ ಲಿಯೋ

ಅದೇ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವನು ಲಿಯೋ ಫೆಂಡರ್. ಓದಿದ್ದು ಲೆಕ್ಕಪತ್ರದ ವಿದ್ಯೆ. ಗಿಟಾರ್ ನುಡಿಸಲು ಆತ ಕಲಿಯಲೇ ಇಲ್ಲ. ಆದರೆ ರಿಪೇರಿಗೆ ಬಂದ ವಾದಕರ ದೂರುಗಳನ್ನು ಕಿವಿಗೊಟ್ಟು ಕೇಳುತ್ತಿದ್ದ. ರಿಪೇರಿ ಮಾಡುವವನಿಗೆ ಒಂದು ವಿಶೇಷ ಜ್ಞಾನವಿರುತ್ತದೆ: ವಸ್ತು ಎಲ್ಲಿ ಕೆಡುತ್ತದೆ ಎಂಬುದು.

ಸಾಂಪ್ರದಾಯಿಕ ಗಿಟಾರಿನಲ್ಲಿ ಕುತ್ತಿಗೆಯನ್ನು, ಅಂದರೆ ನಮ್ಮ ವೀಣೆಯ ಮಾತಿನಲ್ಲಿ ದಂಡಿಯನ್ನು, ಒಡಲಿಗೆ ಅಂಟಿನಿಂದ ಶಾಶ್ವತವಾಗಿ ಸೇರಿಸುತ್ತಾರೆ. ಅದು ಬಾಗಿದರೆ ನುರಿತ ಕುಶಲಕರ್ಮಿಯೇ ಬೇಕು. ಫೆಂಡರ್ ದಂಡಿಯನ್ನು ನಾಲ್ಕು ತಿರುಪುಗಳಿಂದ ಬಿಗಿದ. ಕೆಟ್ಟರೆ ತಿರುಪು ಬಿಚ್ಚಿ ಬೇರೊಂದು ಹಾಕಿದರಾಯಿತು! 1950ರಲ್ಲಿ ಬಂದ ಈ ಗಟ್ಟಿ ಒಡಲಿನ ಗಿಟಾರಿಗೆ ಮೊದಲು ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟ. ಗ್ರೆಚ್ ಕಂಪನಿಯ ಡ್ರಮ್ಮುಗಳಿಗೆ ಅದೇ ಉಚ್ಚಾರಣೆಯ ಹೆಸರಿದ್ದುದರಿಂದ 1951ರಲ್ಲಿ ಅದನ್ನು ಟೆಲಿಕಾಸ್ಟರ್ ಎಂದು ಬದಲಾಯಿಸಿದ. ಆಗ ಅಮೆರಿಕದಲ್ಲಿ ಟೆಲಿವಿಷನ್ ಮನೆಮನೆಗೆ ಬರುತ್ತಿದ್ದ ಕಾಲ. ನಮ್ಮ ಕಸುಬಿನ ಹೆಸರೇ ಗಿಟಾರಿಗೂ ಅಂಟಿಕೊಂಡಿತು.

ಅದರ ಅಂಚು ಪಕ್ಕೆಗೆ ಒತ್ತುತ್ತದೆ ಎಂದು ವಾದಕರು ದೂರಿದರು. 1954ರ ಸ್ಟ್ರಾಟೋಕಾಸ್ಟರಿನಲ್ಲಿ ಅಂಚನ್ನು ಮೈಗೆ ಒಗ್ಗುವಂತೆ ಕೆತ್ತಲಾಯಿತು. ಬಿಲ್ ಕಾರ್ಸನ್ ಎಂಬ ವಾದಕನ ಸಲಹೆಗಳೂ, ಸ್ವತಃ ವಾದಕನಾಗಿದ್ದ ಫ್ರೆಡ್ಡಿ ತವಾರೆಸ್‌ನ ರೇಖಾಚಿತ್ರವೂ ಅದರಲ್ಲಿ ಸೇರಿವೆ. ಅತ್ತ ಗಿಬ್ಸನ್ ಕಂಪನಿ 1952ರಲ್ಲಿ ಲೆಸ್ ಪಾಲ್ ಹೆಸರಿನ ಗಟ್ಟಿ ಗಿಟಾರನ್ನು ತಂದಿತು. ಅಲ್ಲಿನ ಎಂಜಿನಿಯರ್ ಸೆತ್ ಲವರ್ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿದ. ಹೊರಗಿನ ವಿದ್ಯುತ್ತಿನ ಗುಂಯ್‌ಸದ್ದು ಒಂದರಲ್ಲಿ ಧನವಾದರೆ ಇನ್ನೊಂದರಲ್ಲಿ ಋಣ, ಕೂಡಿದಾಗ ಶೂನ್ಯ. ತಂತಿಯ ಧ್ವನಿ ಮಾತ್ರ ಇಮ್ಮಡಿಯಾಗುತ್ತದೆ. ನನ್ನ ಸ್ಟುಡಿಯೋದ ತೊಂದರೆಗೆ 1955ರಲ್ಲೇ ಮದ್ದು ಸಿದ್ಧವಾಗಿತ್ತು!

ಹಿಂಬದಿಯ ಹೆಸರುಗಳು

ಇಲ್ಲಿಯವರೆಗೆ ನೀವು ಓದಿದ ಹೆಸರುಗಳು ಪುಸ್ತಕಗಳಲ್ಲಿ ಸಿಗುವಂಥವು. ಆದರೆ 1950ರ ದಶಕದ ಒಂದು ಫೆಂಡರ್ ಗಿಟಾರಿನ ನಾಲ್ಕು ತಿರುಪುಗಳನ್ನು ಬಿಚ್ಚಿ ನೋಡಿ. ದಂಡಿಯ ಬುಡದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಪೆನ್ಸಿಲಿನಲ್ಲಿ ಒಂದು ದಿನಾಂಕ, ಜೊತೆಗೆ 'ಟಿ. ಜಿ.' ಎಂಬ ಎರಡಕ್ಷರ ಸಿಗಬಹುದು. ಅದು ತಾಡಿಯೋ ಗೋಮೆಸ್ ಎಂಬ ಕೆಲಸಗಾರನ ಗುರುತು. ಅಂಗೈಗೆ ಹಿತವಾಗುವಂತೆ ದಂಡಿಯ ಬೆನ್ನನ್ನು ನಯಗೊಳಿಸುತ್ತಿದ್ದವನು ಆತ. ಕೆಲವು ಸ್ಟ್ರಾಟೋಕಾಸ್ಟರುಗಳ ಒಳಗೆ ಅಂಟುಪಟ್ಟಿಯ ಮೇಲೆ 'ಮೇರಿ', 'ಗ್ಲೋರಿಯಾ' ಎಂಬ ಸಹಿಗಳಿವೆ. ತಂತಿಗಳನ್ನು ಬೆಸೆದ ಹೆಣ್ಣುಮಕ್ಕಳು ಅವರು. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರ್ರಾ ದಶಕಗಳ ಕಾಲ ಅದೇ ಕಂಪನಿಯ ಪಿಕಪ್ ಸುರುಳಿಗಳನ್ನು ಸುತ್ತಿದರು.

ಈ ಕೈಗಳ ಕೆಲಸದಲ್ಲಿ ಒಂದು ವೈಜ್ಞಾನಿಕ ಕುತೂಹಲವೂ ಅಡಗಿದೆ. ತಲೆಗೂದಲಿನಷ್ಟು ತೆಳುವಾದ, ಸುಮಾರು 0.063 ಮಿಲಿಮೀಟರ್ ವ್ಯಾಸದ ತಂತಿಯನ್ನು ಒಂದು ಪಿಕಪ್ಪಿಗೆ ಎಂಟು ಸಾವಿರ ಸುತ್ತುಗಳಷ್ಟು ಸುತ್ತಬೇಕು. ಯಂತ್ರ ತಿರುಗುತ್ತದೆ, ತಂತಿಯನ್ನು ಬೆರಳ ನಡುವೆ ಹಿಡಿದು ಅತ್ತಿತ್ತ ನಡೆಸುವುದು ಕೈ. ಬಿಗಿ ಹೆಚ್ಚಾದರೆ ತಂತಿ ಹರಿಯುತ್ತದೆ. ಕೈಯಿಂದ ಸುತ್ತಿದಾಗ ಸುತ್ತುಗಳು ಅಚ್ಚುಕಟ್ಟಾಗಿ ಒಂದರ ಪಕ್ಕ ಒಂದು ಕೂರದೆ ಅಡ್ಡಾದಿಡ್ಡಿ ಬೀಳುತ್ತವೆ. ಆಗ ಸುರುಳಿಯ ವಿದ್ಯುತ್ ಧಾರಕತ್ವ ಕಡಿಮೆಯಾಗುತ್ತದೆ. ಅನುರಣನದ ಸೂತ್ರ ನಿಮಗೆ ನೆನಪಿರಬಹುದು: ಪ್ರೇರಕತ್ವ, ಧಾರಕತ್ವಗಳ ಗುಣಲಬ್ಧ ಇಳಿದರೆ ಅನುರಣನದ ಆವೃತ್ತಿ ಏರುತ್ತದೆ. ಕಿವಿಗೆ ಧ್ವನಿ ತುಸು ಬೆಳಕಾದಂತೆ ಕೇಳುತ್ತದೆ. ಗಿಬ್ಸನ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಗೆ ಸುರುಳಿ ತುಂಬಿತೆಂದು ಕಣ್ಣಿಗೆ ಕಂಡಾಗ ಯಂತ್ರ ನಿಲ್ಲಿಸುತ್ತಿದ್ದರು. ಹಾಗಾಗಿ ಒಂದು ಪಿಕಪ್ಪಿನಂತೆ ಇನ್ನೊಂದಿರಲಿಲ್ಲ. ಅಂದು ಯಾರೂ ಇದನ್ನು ಕಲೆ ಎನ್ನಲಿಲ್ಲ. ಅದು ಸಂಬಳದ ಕೆಲಸ.

ಹಳೆಯದಕ್ಕೆ ಬೆಲೆ ಬಂದದ್ದು

1958ರಿಂದ 1960ರವರೆಗೆ ಗಿಬ್ಸನ್ ಕಂಪನಿ ಸೂರ್ಯಾಸ್ತದ ಬಣ್ಣದ ಲೆಸ್ ಪಾಲ್ ಗಿಟಾರುಗಳನ್ನು ಒಂದೂವರೆ ಸಾವಿರದ ಆಸುಪಾಸು ತಯಾರಿಸಿತು. ಬೆಲೆ 300 ಡಾಲರಿಗೂ ಕಡಿಮೆ. ಕೊಳ್ಳುವವರು ಸಾಲದೆ ಆ ಆಕಾರವನ್ನೇ ಕೈಬಿಟ್ಟಿತು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಯುವಕರು ಅಂಗಡಿಗಳಲ್ಲಿ ಹಳೆಯ ಲೆಸ್ ಪಾಲ್‌ಗಳನ್ನು ಹುಡುಕತೊಡಗಿದರು. 1966ರಲ್ಲಿ ಜಾನ್ ಮೇಯಲ್ ತಂಡದ ಧ್ವನಿಮುದ್ರಿಕೆಯೊಂದರಲ್ಲಿ ಎರಿಕ್ ಕ್ಲ್ಯಾಪ್ಟನ್ ಅದನ್ನು ನುಡಿಸಿದ ಮೇಲಂತೂ ಬೇಡಿಕೆ ಏರಿತು. ಇಂದು ಅವುಗಳಲ್ಲಿ ಒಂದೊಂದಕ್ಕೆ ಲಕ್ಷಗಟ್ಟಲೆ ಡಾಲರ್.

1965ರ ಜನವರಿಯಲ್ಲಿ ಲಿಯೋ ಫೆಂಡರ್ ಅನಾರೋಗ್ಯದ ಕಾರಣ ತನ್ನ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಉತ್ಪಾದನೆ ಹೆಚ್ಚಿತು. ಗುಣಮಟ್ಟ ಇಳಿಯಿತೆಂಬ ಮಾತು ವಾದಕರಲ್ಲಿ ಹಬ್ಬಿತು. 'ಸಿಬಿಎಸ್‌ಗೆ ಮೊದಲು' ಎಂಬುದೇ ಒಂದು ಮುದ್ರೆಯಾಯಿತು. ದ್ರಾಕ್ಷಿ ಸುಗ್ಗಿಯ ಇಸವಿಯನ್ನು ಹೇಳುತ್ತಿದ್ದ 'ವಿಂಟೇಜ್' ಎಂಬ ಪದ ಗಿಟಾರಿಗೂ ಬಂತು. 1970ರ ದಶಕದ ಕೊನೆಗೆ ಜಪಾನಿನ ತಯಾರಕರು ಹಳೆಯ ಮಾದರಿಗಳನ್ನು ಶ್ರದ್ಧೆಯಿಂದ ನಕಲು ಮಾಡಿ ಮಾರಿದರು. ಅಮೆರಿಕದ ಕಂಪನಿಗಳು ಎಚ್ಚೆತ್ತವು. 1982ರಲ್ಲಿ ಫೆಂಡರ್ ಕಂಪನಿಯೂ ತನ್ನದೇ ಹಳೆಯ ಗಿಟಾರುಗಳ ಪ್ರತಿರೂಪಗಳನ್ನು ಹೊರತಂದಿತು.

ಪುಟ್ಟ ಕಾರ್ಯಾಗಾರದಲ್ಲಿ

ಈಗ ಇಂಥ ಗಿಟಾರ್ ಮಾಡುವವನ ಕಾರ್ಯಾಗಾರದೊಳಗೆ ಮನಸ್ಸಿನಲ್ಲೇ ಕಾಲಿಡಿ. ಗೋಡೆಗೆ ಒರಗಿಸಿದ ಆಲ್ಡರ್, ಆ್ಯಶ್ ಮರದ ಹಲಗೆಗಳು. ಒಂದು ಮೂಲೆಯಲ್ಲಿ ಬ್ಯಾಂಡ್ ಗರಗಸ. ಮೇಜಿನ ಮೇಲೆ ಉಳಿ, ಅರ, ಬೆಸುಗೆ ಕಡ್ಡಿ. ಮೊದಲ ಕೆಲಸ ಲೆಕ್ಕದ್ದು. ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕು? ಹನ್ನೆರಡು ಮೆಟ್ಟಿಲು ಏರಿದಾಗ ಸ್ವರ ಇಮ್ಮಡಿಸಬೇಕು. ಆದ್ದರಿಂದ ಪ್ರತಿ ಮೆಟ್ಟಿಲಿಗೂ ಅನುಪಾತ 2ರ ಹನ್ನೆರಡನೆಯ ಮೂಲ, ಅಂದರೆ ಸುಮಾರು 1.0595. ಫೆಂಡರ್ ಗಿಟಾರಿನ ತಂತಿಯ ಉದ್ದ 647.7 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ 36.35 ಮಿಲಿಮೀಟರ್. ಉಳಿದ ಉದ್ದವನ್ನು ಮತ್ತೆ ಹಾಗೆಯೇ ಭಾಗಿಸುತ್ತ ಹೋಗಬೇಕು.

ಗೆಲಿಲಿಯೋನ ತಂದೆ ವಿನ್ಸೆಂಝೋ ಗೆಲಿಲೈ 1581ರಲ್ಲಿ ಹೇಳಿದ ಲೆಕ್ಕದಂತೆ 18ರಿಂದಲೇ ಭಾಗಿಸಿದರೆ? ಮಾಡಿ ನೋಡಿ. ಹನ್ನೆರಡನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ನಮ್ಮ ವೀಣೆ ತಯಾರಕರು ಇದೇ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಬಿಡಿಸಿದ್ದಾರೆ. ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ, ಕಿವಿಯಿಂದ ಸ್ವರ ನೋಡಿ ಮೇಳ ಕಟ್ಟುತ್ತಾರೆ. ಒಂದು ಕಡೆ ಲೆಕ್ಕ, ಇನ್ನೊಂದು ಕಡೆ ಕಿವಿ. ಎರಡೂ ತಲುಪುವುದು ಸ್ವರಸ್ಥಾನವನ್ನೇ.

ಮೆಟ್ಟಿಲು ಕೂರಿಸುವ ಪಟ್ಟಿ ಅನೇಕ ಮಾದರಿಗಳಲ್ಲಿ ರೋಸ್‌ವುಡ್‌ನದು. 1950ರ ದಶಕದಲ್ಲಿ ಅದು ಬ್ರೆಜಿಲ್ ದೇಶದ ಮರ. ಕಡಿದು ಕಡಿದು ಅಳಿವಿನಂಚಿಗೆ ತಳ್ಳಿದ್ದರಿಂದ 1992ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಅದರ ವ್ಯಾಪಾರವನ್ನು ನಿಷೇಧಿಸಿತು. ಅದಕ್ಕೂ ಮುಂಚೆಯೇ ಅದರ ಜಾಗಕ್ಕೆ ಬಂದದ್ದು ಯಾವುದು ಗೊತ್ತೇ? ಕೊಡಗು, ಮಲೆನಾಡುಗಳಲ್ಲಿ ಬೆಳೆಯುವ ನಮ್ಮ ಬೀಟೆ ಮರ! ಮೈಸೂರಿನ ಕುಶಲಕರ್ಮಿಗಳು ಚಿತ್ತಾರ ಕೂರಿಸುವ ಅದೇ ಕಪ್ಪುಗೆಂಪು ಮರ. 2017ರಿಂದ ಇಡೀ ಬೀಟೆ ಕುಲದ ವ್ಯಾಪಾರಕ್ಕೇ ಪರವಾನಗಿಯ ಕಟ್ಟುಪಾಡು ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹಳೆಯದನ್ನು ಹಾಗೆಯೇ ಮಾಡುತ್ತೇನೆಂದು ಹಟ ಹಿಡಿದವನಿಗೆ ಕಾಡು ಒಂದು ಮಿತಿ ಹಾಕುತ್ತದೆ. ಒಂದು ಸದ್ದಿಗಾಗಿ ಒಂದು ಮರದ ಜಾತಿಯನ್ನೇ ಮುಗಿಸುವ ಹಕ್ಕು ನಮಗಿಲ್ಲ.

ಕೊನೆಯದು ಮೆರುಗು. ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆಯನ್ನು ತೆಳುವಾಗಿ ಪದರ ಪದರವಾಗಿ ಸಿಂಪಡಿಸಿ ವಾರಗಟ್ಟಲೆ ಒಣಗಲು ಬಿಡಬೇಕು. ಅದರ ಆವಿಗೆ ಕಿಡಿ ತಗುಲಿದರೆ ಬೆಂಕಿ, ಉಸಿರಿಗೂ ಅಪಾಯ. ಹೊಸ ಬಣ್ಣಗಳು ಇದಕ್ಕಿಂತ ಸುರಕ್ಷಿತ, ಗಟ್ಟಿ. ಆದರೂ ಇದನ್ನೇ ಬಳಸುತ್ತಾರೆ, ಏಕೆಂದರೆ ವರ್ಷಗಳು ಕಳೆದಂತೆ ಇದು ಹಳದಿಗಟ್ಟಿ, ಸಣ್ಣಗೆ ಬಿರಿದು, ಕೈ ತಾಗಿದಲ್ಲಿ ಸವೆದು ಮನುಷ್ಯನ ಹಾಗೆ ಮುಪ್ಪಾಗುತ್ತದೆ. ಈಗ ಕೆಲವರು ಹೊಸ ಗಿಟಾರನ್ನೇ ಉಜ್ಜಿ, ಗೀರಿ, ತುಕ್ಕು ಹಿಡಿಸಿ ಹಳೆಯದರಂತೆ ಮಾಡಿ ಕೊಡುತ್ತಾರೆ. ಹೇಳಿ ಮಾರಿದರೆ ಅದು ಅಲಂಕಾರ. ಹೇಳದೆ ಮಾರಿದರೆ ಮೋಸ.

ಯಾವುದನ್ನು ನಕಲು ಮಾಡಬೇಕು?

ಈಗ ಮೊದಲ ಪ್ರಶ್ನೆಗೆ ಮರಳೋಣ. 1954ರ ಗಿಟಾರುಗಳೆಲ್ಲ ಚೆನ್ನಾಗಿದ್ದವೇ? ಇಲ್ಲ. ಚೆನ್ನಾಗಿದ್ದವನ್ನು ಜನ ಜೋಪಾನ ಮಾಡಿದರು. ಉಳಿದವು ಅಟ್ಟ ಸೇರಿದವು. ಉಳಿದುಬಂದದ್ದನ್ನಷ್ಟೇ ನೋಡಿ ಇಡೀ ಕಾಲವನ್ನು ಹೊಗಳುವುದು ವಿಜ್ಞಾನದ ವಿದ್ಯಾರ್ಥಿ ಮಾಡಬಾರದ ತಪ್ಪು.

ಇನ್ನೊಂದು ಸಂಗತಿ ಗಮನಿಸಿ. ಜಗತ್ತೆಲ್ಲ ಆತನ 1954ರ ಗಿಟಾರನ್ನು ಮಿಲಿಮೀಟರ್ ತಪ್ಪದೆ ನಕಲು ಮಾಡುತ್ತಿದ್ದಾಗ, ಲಿಯೋ ಫೆಂಡರ್ ಏನು ಮಾಡುತ್ತಿದ್ದ? 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್, ಆಮೇಲೆ ಜಿ ಅಂಡ್ ಎಲ್ ಎಂಬ ಕಂಪನಿಗಳಲ್ಲಿ ಕುಳಿತು ತನ್ನದೇ ಪಿಕಪ್ಪು, ಕುದುರೆಗಳ ದೋಷಗಳನ್ನು ತಿದ್ದುತ್ತಿದ್ದ. 1991ರಲ್ಲಿ ಸಾಯುವವರೆಗೂ ಅದೇ ಕೆಲಸ. ಆತನ ಗಿಟಾರನ್ನು ನಕಲು ಮಾಡುವುದು ಒಂದು, ಆತನ ಅಭ್ಯಾಸವನ್ನು ನಕಲು ಮಾಡುವುದು ಇನ್ನೊಂದು.

ಹಾಗಾದರೆ ಪುಟ್ಟ ಕಾರ್ಯಾಗಾರದವರ ಶ್ರಮ ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಎಂಟು ಸಾವಿರ ಸುತ್ತು ತಂತಿಯನ್ನು ಬೆರಳಿನಿಂದ ನಡೆಸಿದವನಿಗೆ ಅಬಿಗೇಲ್ ಇಬಾರ್ರಾ ಏನು ಬಲ್ಲವರಾಗಿದ್ದರು ಎಂಬುದು ತಿಳಿಯುತ್ತದೆ. ದಂಡಿಯ ಬೆನ್ನನ್ನು ಅಂಗೈಗೆ ಒಗ್ಗುವವರೆಗೆ ಉಜ್ಜಿದವನಿಗೆ ತಾಡಿಯೋ ಗೋಮೆಸ್ ಏನು ಬಲ್ಲವನಾಗಿದ್ದ ಎಂಬುದು ತಿಳಿಯುತ್ತದೆ. ಪುಸ್ತಕದಲ್ಲಿ ಬರೆದಿಡಲಾಗದ ಜ್ಞಾನ ಅದು. ಮಾಡಿದರೆ ಮಾತ್ರ ಉಳಿಯುತ್ತದೆ, ಮಾಡದಿದ್ದರೆ ಒಂದು ತಲೆಮಾರಿನಲ್ಲಿ ಇಲ್ಲವಾಗುತ್ತದೆ. ನಮ್ಮ ವೀಣೆಯ ಮೇಳ ಕಟ್ಟುವವರ ವಿಷಯದಲ್ಲೂ ಈ ಮಾತು ನಿಜ.

ಮಿತ್ರರೇ, ಮುಂದಿನ ಸಲ ಪ್ರಯೋಗಶಾಲೆಯಲ್ಲಿ ಆ ಸುರುಳಿ ಕೈಗೆ ಸಿಕ್ಕಾಗ ಮುಳ್ಳು ವಾಲಿದ್ದನ್ನು ನೋಡಿ ಅಲ್ಲಿಗೇ ಬಿಡಬೇಡಿ. ಅಧ್ಯಾಪಕರನ್ನು ಕೇಳಿಕೊಂಡು, ಒಂದು ಉಕ್ಕಿನ ತಂತಿಯನ್ನು ಹಲಗೆಯ ಮೇಲೆ ಬಿಗಿದು, ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ಸುರುಳಿ ಇಟ್ಟು, ಅದರ ತುದಿಗಳನ್ನು ಒಂದು ಆಂಪ್ಲಿಫೈಯರಿಗೆ ಜೋಡಿಸಿ ಮೀಟಿ ನೋಡಿ. ಬೋಷಾಂ ತನ್ನ ಊಟದ ಮೇಜಿನ ಮೇಲೆ ಕೇಳಿದ ಸದ್ದು ನಿಮಗೂ ಕೇಳುತ್ತದೆ. ಕೇಳಿಸಿದರೆ, ಹಲಗೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದು ನಿಮ್ಮ ಹೆಸರಿನ ಮೊದಲಕ್ಷರ ಹಾಕುವುದನ್ನು ಮರೆಯಬೇಡಿ.